ಯಾರನ್ನು ಓದಲು ಹೊರಟಿದ್ದೀರಿ?

ನಮ್ಮಲ್ಲಿ ಮಾನವಶಾಸ್ತ್ರದ ಹೆಸರು ಹೆಚ್ಚಾಗಿ ಕಿವಿಗೆ ಬೀಳುವುದು ಐಎಎಸ್ ಕೋಚಿಂಗ್ ಸೆಂಟರುಗಳಲ್ಲಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಅದೊಂದು ಐಚ್ಛಿಕ ವಿಷಯ. ಎರಡು ಪತ್ರಿಕೆ, ಒಟ್ಟು 500 ಅಂಕ. ಪಠ್ಯಕ್ರಮ ಚಿಕ್ಕದು, ಕೆಲವೇ ತಿಂಗಳಲ್ಲಿ ಮುಗಿಸಬಹುದು ಎಂಬ ಖ್ಯಾತಿ ಅದಕ್ಕಿದೆ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಬೆಂಗಳೂರಿನ ವಿಜಯನಗರದ ಪಿ.ಜಿ.ಗಳಲ್ಲಿ ಕೂತು ಮಾಲಿನೋವ್‌ಸ್ಕಿ, ರ‍್ಯಾಡ್‌ಕ್ಲಿಫ್-ಬ್ರೌನ್ ಎಂದು ಉರು ಹೊಡೆಯುವುದು ಈ ಲೆಕ್ಕಾಚಾರದ ಮೇಲೆಯೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ವಿಭಾಗವಿದೆ, ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ.

ಹೀಗೆ ಪರೀಕ್ಷೆಗೆಂದು ಓದುವವರಲ್ಲಿ ಒಬ್ಬಿಬ್ಬರು ಓದುತ್ತ ಓದುತ್ತ ವಿಷಯಕ್ಕೇ ಮನಸೋಲುತ್ತಾರೆ. ಲಂಡನ್ನಿಗೋ ಅಮೆರಿಕಕ್ಕೋ ಹೋಗಿ ಇದನ್ನೇ ಓದಿಬಿಡೋಣ ಎನ್ನಿಸುತ್ತದೆ. ಆಗ ಪ್ರಶ್ನೆಗಳು ಶುರು. ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬರಬೇಕು? ಬಾಡಿಗೆ ಎಷ್ಟಾದೀತು? ಮುಗಿದ ಮೇಲೆ ಕೆಲಸ ಸಿಗುತ್ತದೆಯೆ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಡೇಟಾ ಸೈನ್ಸ್ ಓದಲು ಹೋಗುವವರಿಗೆ ಎದುರಾಗದ ಪ್ರಶ್ನೆಯೊಂದು ಇವರಿಗೆ ಕಾದಿರುತ್ತದೆ. ಅಲ್ಲಿಗೆ ಹೋಗಿ ಓದುವುದು ಯಾರನ್ನು?

ಮಾನವಶಾಸ್ತ್ರದ ಪಿಎಚ್‌ಡಿ ಪುಸ್ತಕದಲ್ಲೇ ಮುಗಿಯುವಂಥದ್ದಲ್ಲ. ಒಂದು ಊರಿನಲ್ಲೋ ಆಸ್ಪತ್ರೆಯಲ್ಲೋ ಮೀನುಗಾರರ ಬಂದರಿನಲ್ಲೋ ವರ್ಷದ ಮೇಲೆ ಇದ್ದು, ಅಲ್ಲಿಯವರ ಮಾತು ಕಲಿತು, ಅವರ ದಿನಚರಿಯಲ್ಲಿ ಸೇರಿಹೋಗಿ ಬರೆಯಬೇಕು. ಅಮೆರಿಕದ ಸಹಪಾಠಿ ಇದಕ್ಕಾಗಿ ಪೆರುವಿಗೆ ಹೋಗುತ್ತಾನೆ, ಇಂಡೋನೇಷ್ಯಾಕ್ಕೆ ಹೋಗುತ್ತಾನೆ, ಬೇಕೆಂದರೆ ಮಂಡ್ಯಕ್ಕೂ ಬರುತ್ತಾನೆ. ನಮ್ಮ ವಿದ್ಯಾರ್ಥಿ? ಅವಳು ಸಾವಿರಾರು ಮೈಲಿ ಹಾರಿ, ಎರಡು ವರ್ಷ ಪಾಠ ಕೇಳಿ, ಕ್ಷೇತ್ರಕಾರ್ಯಕ್ಕೆಂದು ಮರಳಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಇಳಿಯುತ್ತಾಳೆ. ಹೀಗೇ ಆಗಬೇಕೆಂದು ಯಾರೂ ಆದೇಶ ಹೊರಡಿಸಿಲ್ಲ. ಆದರೂ ನಡೆದುಕೊಂಡು ಬಂದಿದೆ. ನನ್ನ ತಕರಾರು ಇರುವುದು ಈ ರೂಢಿಯ ಬಗ್ಗೆ.

ತಮಾಷೆಯೆಂದರೆ ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ಪರದೇಶಿ ವಿದ್ಯಾರ್ಥಿಗಳದೇ ದೊಡ್ಡ ಪಾಲು. ಬ್ರಾನಿಸ್ಲಾವ್ ಮಾಲಿನೋವ್‌ಸ್ಕಿ ಪೋಲೆಂಡಿನ ಕ್ರಾಕೋವ್‌ನವನು. 1910ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದ. 1914ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಮಹಾಯುದ್ಧ ಶುರುವಾಯಿತು. ಕಾಗದದ ಪ್ರಕಾರ ಅವನು ಆಸ್ಟ್ರಿಯಾ-ಹಂಗೆರಿಯ ಪ್ರಜೆ, ಎಂದರೆ ಬ್ರಿಟಿಷರಿಗೆ ಶತ್ರುದೇಶದವನು. ಹಾಗಿದ್ದೂ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದ್ದು ಕೆಲಸ ಮಾಡಲು ಅವನಿಗೆ ಅನುಮತಿ ಸಿಕ್ಕಿತು. ಜನರ ನಡುವೆ ದೀರ್ಘಕಾಲ ವಾಸಿಸಿ ಬರೆಯುವ ಪದ್ಧತಿಗೆ ಇಂದಿಗೂ ಮಾದರಿಯಾಗಿ ತೋರಿಸುವುದು ಅಲ್ಲಿ ಅವನು ಮಾಡಿದ ಕೆಲಸವನ್ನು. ಅತ್ತ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಅಮೆರಿಕದ ಮಾನವಶಾಸ್ತ್ರಕ್ಕೆ ಅಡಿಪಾಯ ಹಾಕಿದ ಫ್ರಾಂಜ್ ಬೋವಾಸ್ ಜರ್ಮನಿಯಿಂದ ಬಂದವನು.

ಮುಂದೆ ಅದೇ ಮಾಲಿನೋವ್‌ಸ್ಕಿಯ ಸೆಮಿನಾರಿಗೆ 1930ರ ದಶಕದಲ್ಲಿ ವಸಾಹತುಗಳಿಂದಲೂ ಏಷ್ಯಾದಿಂದಲೂ ವಿದ್ಯಾರ್ಥಿಗಳು ಬಂದರು. ಕೆನ್ಯಾದ ಜೋಮೊ ಕೆನ್ಯಾಟಾ ತನ್ನದೇ ಗಿಕುಯು ಜನರ ಬಗ್ಗೆ ಅಲ್ಲಿ ಪ್ರಬಂಧಗಳನ್ನು ಮಂಡಿಸಿದ. ಅವು 1938ರಲ್ಲಿ ‘ಫೇಸಿಂಗ್ ಮೌಂಟ್ ಕೆನ್ಯಾ’ ಎಂಬ ಪುಸ್ತಕವಾದವು. ನಮ್ಮ ನೆಲ ನಮ್ಮದು ಎಂಬ ವಾದವನ್ನು ಆತ ಬ್ರಿಟಿಷರ ವಿದ್ಯೆಯ ಭಾಷೆಯಲ್ಲೇ ಬ್ರಿಟಿಷರ ಮುಂದಿಟ್ಟ. ಅದೇ ಪುಸ್ತಕದಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನದ ಪದ್ಧತಿಯನ್ನೂ ಸಮರ್ಥಿಸಿಕೊಂಡ. ಒಳಗಿನವರು ಬರೆದದ್ದೆಲ್ಲ ಸರಿಯಾಗಿಯೇ ಇರುತ್ತದೆ ಎನ್ನುವವರು ಈ ಭಾಗವನ್ನು ಒಮ್ಮೆ ಓದಬೇಕು. ಚೀನಾದ ಫೈ ಷಿಯಾವೊಟಾಂಗ್ ತನ್ನ ಸೀಮೆಯದೇ ಒಂದು ರೇಷ್ಮೆ ಹಳ್ಳಿಯ ಕುರಿತು ಬರೆದ ಪುಸ್ತಕ 1939ರಲ್ಲಿ ಹೊರಬಂತು. ಒಬ್ಬ ವ್ಯಕ್ತಿ ತನ್ನ ಜನರನ್ನು ತಾನೇ ಅಧ್ಯಯನ ಮಾಡಿದ್ದಾನೆ ಎಂದು ಮಾಲಿನೋವ್‌ಸ್ಕಿ ಮುನ್ನುಡಿಯಲ್ಲಿ ಮೆಚ್ಚಿಕೊಂಡ. 1982ರಲ್ಲಿ ಆ ಸೆಮಿನಾರಿನ ಇನ್ನೊಬ್ಬ ಶಿಷ್ಯ ಎಡ್ಮಂಡ್ ಲೀಚ್, ಸ್ವಂತ ಸಮಾಜವನ್ನು ನೋಡುವವರ ಕಣ್ಣಿಗೆ ಪೂರ್ವಗ್ರಹದ ಪೊರೆ ಇರುತ್ತದೆ ಎಂದು ಆಕ್ಷೇಪಿಸಿದ. ಒಂದೇ ಕೆಲಸಕ್ಕೆ ಗುರು ಕೊಟ್ಟ ಶಹಬ್ಬಾಸ್‌ಗಿರಿಯನ್ನು ನಾಲ್ಕು ದಶಕಗಳ ತರುವಾಯ ಶಿಷ್ಯ ವಾಪಸು ಪಡೆದಂತಾಯಿತು.

ನಮಗೆ ಹತ್ತಿರದ ಉದಾಹರಣೆ ಮೈಸೂರಿನ ಎಂ.ಎನ್. ಶ್ರೀನಿವಾಸ್. ಹುಟ್ಟಿದ್ದು 1916ರಲ್ಲಿ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮುಂಬೈಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಓದಿದರು. ಘುರ್ಯೆಯವರೂ ಕೇಂಬ್ರಿಜ್‌ಗೆ ಹೋಗಿ ಓದಿಬಂದವರೇ. ಶ್ರೀನಿವಾಸ್ ಮುಂಬೈಯಲ್ಲಿದ್ದಾಗಲೇ ಕೊಡಗಿನಲ್ಲಿ ಓಡಾಡಿ ಮಾಹಿತಿ ಕೂಡಿಹಾಕಿ ಪಿಎಚ್‌ಡಿ ಪಡೆದಿದ್ದರು. 1945ರಲ್ಲಿ ಆಕ್ಸ್‌ಫರ್ಡ್ ಸೇರಿದಾಗ ಅಲ್ಲಿನ ಗುರು ರ‍್ಯಾಡ್‌ಕ್ಲಿಫ್-ಬ್ರೌನ್ ಶ್ರೀನಿವಾಸ್‌ಗೆ ಹೇಳಿದ್ದು, ಅದೇ ಕೊಡಗಿನ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಮತ್ತೆ ನೋಡು ಎಂದು. ಆ ಗುರು 1946ರಲ್ಲಿ ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶಕರಾದರು. 1947ರಲ್ಲಿ ಡಿ.ಫಿಲ್. ಬಂತು, 1952ರಲ್ಲಿ ಪುಸ್ತಕ. ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅಳವಡಿಸಿಕೊಂಡು ಮೇಲೇರುವುದಕ್ಕೆ ‘ಸಂಸ್ಕೃತೀಕರಣ’ ಎಂದು ಇಂದು ನಮ್ಮ ಪಿಯುಸಿ ಸಮಾಜಶಾಸ್ತ್ರದ ಮಕ್ಕಳೂ ಬರೆಯುವ ಪರಿಕಲ್ಪನೆಗೆ ದೊಡ್ಡ ವೇದಿಕೆ ಸಿಕ್ಕಿದ್ದು ಆ ಪುಸ್ತಕದಲ್ಲಿ. ಕೊಡವರ ಐನ್‌ಮನೆಯನ್ನು ಅರ್ಥ ಮಾಡಿಕೊಳ್ಳುವ ದಾರಿ ಆಕ್ಸ್‌ಫರ್ಡಿನ ಮೂಲಕ ಸುತ್ತಿಕೊಂಡು ಬಂತು.

ಅಲ್ಲಿಂದ ಮುಂದಿನದು ಇನ್ನೂ ಸ್ವಾರಸ್ಯ. ಆಕ್ಸ್‌ಫರ್ಡ್ ಅವರನ್ನು ಅಧ್ಯಾಪಕರನ್ನಾಗಿ ನೇಮಿಸಿಕೊಂಡು, ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೇ ಬಿಟ್ಟುಕೊಟ್ಟಿತು. 1948ರಲ್ಲಿ ಅವರು ಬಂದು ಇಳಿದದ್ದು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ. ಪುಸ್ತಕಗಳಲ್ಲಿ ಅದು ‘ರಾಂಪುರ’. ಪಟೇಲರ ದನದ ಕೊಟ್ಟಿಗೆಗೆ ಸೇರಿದ ಮನೆಯಲ್ಲಿ ವಾಸ. ಊರವರ ಪಾಲಿಗೆ ಇವರು ಸಂಶೋಧಕರಿಗಿಂತ ಮೊದಲು ಬ್ರಾಹ್ಮಣರು. ಸ್ನಾನ ಮಾಡಿದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಪಟೇಲರು ಆಕ್ಷೇಪಿಸಿದರಂತೆ. ಕ್ಷೌರ ಮೊದಲು, ಸ್ನಾನ ಆಮೇಲೆ, ಇಷ್ಟೂ ಗೊತ್ತಿಲ್ಲವೇ ಎಂದು. ಒಬ್ಬ ಇಂಗ್ಲಿಷಿನವ ಅದೇ ತಪ್ಪು ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಮೇಲ್ಜಾತಿಯವರ ಮನೆಗಳಲ್ಲಿ ಸಲೀಸಾಗಿ ಕೂರಬಹುದಾಗಿದ್ದ ಶ್ರೀನಿವಾಸ್‌ಗೆ ದಲಿತರ ಕೇರಿಯಲ್ಲಿ ಅಷ್ಟೇ ಸಲೀಸಾಗಿ ಓಡಾಡಲು ಆಗಲಿಲ್ಲ. ಅವರ ಹಳ್ಳಿಯ ಚಿತ್ರ ಮೇಲಿನಿಂದ ಕಂಡ ಚಿತ್ರ ಎಂಬ ಟೀಕೆ ಬಂದದ್ದು ಇದೇ ಕಾರಣಕ್ಕೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿ, ವರ್ಷಗಳಿಂದ ತಿದ್ದಿ ತೀಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಕೊಡಗಹಳ್ಳಿಯ ಟಿಪ್ಪಣಿ ಪೆಸಿಫಿಕ್ ದಂಡೆಯಲ್ಲಿ ಬೂದಿಯಾದದ್ದು ಈ ಶಾಸ್ತ್ರದ ಭೂಗೋಳವನ್ನು ಹೇಳುತ್ತದೆ. ಬದುಕು ಇಲ್ಲಿ, ಬರಹ ಅಲ್ಲಿ.

ಶ್ರೀನಿವಾಸ್ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅವರು ಭಾರತವನ್ನು ಓದದೆ ಇದ್ದಿದ್ದರೆ ನಮಗೇ ನಷ್ಟ. ಆದರೆ ಅವರ ಕಾಲಕ್ಕೆ ಸಹಜವಾಗಿದ್ದ ಆಯ್ಕೆ ಈಗ ಹೆಚ್ಚೂಕಡಿಮೆ ನಿಯಮವೇ ಆಗಿಬಿಟ್ಟಿದೆ. ಅದಕ್ಕೆ ಕಾರಣಗಳೂ ಇವೆ. ಭಾಷೆ ಬರುತ್ತದೆ, ವೀಸಾ ಬೇಡ, ಖರ್ಚು ಕಡಿಮೆ. ಅರ್ಜಿ ಹಾಕುವಾಗಲೇ ‘ನಿಮ್ಮ ಹಿನ್ನೆಲೆಗೂ ನಿಮ್ಮ ಸಂಶೋಧನೆಗೂ ಏನು ನಂಟು’ ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಕೈಯಲ್ಲಿರುತ್ತದೆ. ದಕ್ಷಿಣ ಏಷ್ಯಾದ ಪರಿಣತರೇ ಮಾರ್ಗದರ್ಶಕರಾಗಿ ಸಿಗುತ್ತಾರೆ. ಜೊತೆಗೆ ದುಡ್ಡಿನ ಸಂಗತಿ. ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳಿಸಲು ದಶಕಗಳ ಕಾಲ ಆಸರೆಯಾಗಿದ್ದ ಫುಲ್‌ಬ್ರೈಟ್-ಹೇಸ್ ಸಂಶೋಧನಾ ಅನುದಾನ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಪಕ್ಕದ ಕುರ್ಚಿಯ ಗೆಳತಿ ಅದರ ಬಲದಿಂದ ಹೊರಟರೆ, ಭಾರತದ ವಿದ್ಯಾರ್ಥಿ ವೆನ್ನರ್-ಗ್ರೆನ್ ಫೌಂಡೇಶನ್‌ನಂಥ, ಯಾವ ದೇಶದವರಿಗೂ ಬಾಗಿಲು ತೆರೆದಿರುವ, ಆದ್ದರಿಂದಲೇ ನೂಕುನುಗ್ಗಲಿರುವ ಕಡೆ ಸರದಿಯಲ್ಲಿ ನಿಲ್ಲಬೇಕು. ಅಮೆರಿಕದವರು ಕನ್ನಡ ಕಲಿಯಲು ಮೈಸೂರಿನಲ್ಲಿ ಅವರದೇ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ತರಗತಿ ನಡೆಸುತ್ತದೆ. ನಮ್ಮವರಿಗೆ ನಾರ್ವೇಜಿಯನ್ನನ್ನೋ ಸ್ವಾಹಿಲಿಯನ್ನೋ ಕಲಿಸಿ ಕಳಿಸುವ ಅಂಥ ಏರ್ಪಾಡನ್ನು ನಾವು ಕಟ್ಟಿಲ್ಲ.

ಓದಿನ ವಿಧಾನವನ್ನೂ ಸ್ವಲ್ಪ ನೋಡೋಣ. ಯಾಕೆಂದರೆ ‘ಫಾರಿನ್‌ನಲ್ಲಿ ಓದು’ ಎಂಬುದು ಒಂದೇ ವಸ್ತುವಲ್ಲ. ಅಮೆರಿಕದಲ್ಲಿ ಮಾನವಶಾಸ್ತ್ರವೆಂದರೆ ಸಾಂಪ್ರದಾಯಿಕವಾಗಿ ನಾಲ್ಕು ಕವಲು: ಸಂಸ್ಕೃತಿ, ಭಾಷೆ, ಪುರಾತತ್ವ, ಜೈವಿಕ ಮಾನವಶಾಸ್ತ್ರ. ಬಿ.ಎ. ಮುಗಿಸಿ ನೇರವಾಗಿ ಪಿಎಚ್‌ಡಿಗೆ ಸೇರಬಹುದು. ಎರಡು ಮೂರು ವರ್ಷ ತರಗತಿ, ಅರ್ಹತಾ ಪರೀಕ್ಷೆ, ವರ್ಷ ಒಂದೂವರೆ ವರ್ಷದ ಕ್ಷೇತ್ರಕಾರ್ಯ, ಆಮೇಲೆ ಬರವಣಿಗೆ. ಒಟ್ಟು ಏಳೆಂಟು ವರ್ಷ ಹಿಡಿದರೂ ಅಚ್ಚರಿಯಿಲ್ಲ. ಒಳ್ಳೆಯ ವಿಭಾಗಗಳು ಶುಲ್ಕ ಮನ್ನಾ ಮಾಡಿ, ಪಾಠದ ಕೆಲಸ ಕೊಟ್ಟು, ತಿಂಗಳ ಭತ್ಯೆಯನ್ನೂ ಕೊಡುತ್ತವೆ. ಆದರೆ 2025ರಲ್ಲಿ ಶಿಕಾಗೊ, ಹಾರ್ವರ್ಡ್‌ನಂಥ ಸಿರಿವಂತ ವಿಶ್ವವಿದ್ಯಾಲಯಗಳೇ ಪಿಎಚ್‌ಡಿ ಸೀಟುಗಳಿಗೆ ಕತ್ತರಿ ಹಾಕಿದ್ದನ್ನು ಮರೆಯಬಾರದು. ಬ್ರಿಟನ್ನಿನದು ಬೇರೆ ಲೆಕ್ಕ. ಅಲ್ಲಿ ಸಾಮಾಜಿಕ ಮಾನವಶಾಸ್ತ್ರಕ್ಕೇ ಪ್ರಾಧಾನ್ಯ. ಎಂ.ಎ. ಒಂದೇ ವರ್ಷ, ಪಿಎಚ್‌ಡಿ ಮೂರು ನಾಲ್ಕು ವರ್ಷ. ಬೇಗ ಮುಗಿಯುತ್ತದೆ, ಆದರೆ ಒಂದು ವರ್ಷದ ಎಂ.ಎ.ಗೆ ವಿದೇಶಿಯರು ತೆರುವ ಶುಲ್ಕವೇ ಇಪ್ಪತ್ತು ಸಾವಿರ ಪೌಂಡ್ ದಾಟುವುದು ಸಾಮಾನ್ಯ. ವಿದ್ಯಾರ್ಥಿವೇತನವಿಲ್ಲದೆ, ಮನೆ ಪತ್ರ ಅಡವಿಟ್ಟು ಆ ಒಂದು ವರ್ಷಕ್ಕೆ ಹೋಗಬೇಡಿ ಎಂದೇ ನಾನು ಹೇಳುವುದು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. 1962ರಲ್ಲಿ ಶುರುವಾದ ದಕ್ಷಿಣ ಏಷ್ಯಾ ಸಂಸ್ಥೆ ಇರುವ ಹೈಡೆಲ್‌ಬರ್ಗ್ ಮಾತ್ರ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿದ್ದು, ಅಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ಲಂಡನ್ನಿಗೆ ಹೋಲಿಸಿದರೆ ಅದೇನೂ ದೊಡ್ಡದಲ್ಲ.

ಕೆಲಸದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪದವಿಯ ನಂತರ ಕೆಲಸಕ್ಕೆ ಸಿಗುವ ಅವಧಿ ಸಾಮಾನ್ಯವಾಗಿ ಹನ್ನೆರಡು ತಿಂಗಳು. ವಿಜ್ಞಾನ-ತಂತ್ರಜ್ಞಾನದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸಂಸ್ಕೃತಿಯನ್ನು ಓದಿದವರಿಗೆ ಇಲ್ಲ. ಪ್ರಾಧ್ಯಾಪಕ ಹುದ್ದೆಗಳು ಎಲ್ಲೆಡೆ ವಿರಳ. ಕಂಪನಿಗಳಲ್ಲಿ ಬಳಕೆದಾರರ ಅಧ್ಯಯನ, ಆರೋಗ್ಯ, ಅಭಿವೃದ್ಧಿ ಸಂಸ್ಥೆಗಳು, ವಸ್ತುಸಂಗ್ರಹಾಲಯ, ಇವು ಉಳಿದ ದಾರಿಗಳು. ಆಸ್ಟ್ರೇಲಿಯಾದಿಂದ ಬಂದು ಸ್ಟ್ಯಾನ್‌ಫರ್ಡ್‌ನಲ್ಲಿ ಮಾನವಶಾಸ್ತ್ರದ ಪಿಎಚ್‌ಡಿ ಮಾಡಿದ ಜೆನೆವೀವ್ ಬೆಲ್ 1998ರಲ್ಲಿ ಇಂಟೆಲ್ ಸೇರಿ, ಜನ ಯಂತ್ರಗಳನ್ನು ಮನೆಯೊಳಗೆ ಹೇಗೆ ಬಳಸುತ್ತಾರೆ ಎಂದು ನೋಡುವುದನ್ನೇ ವೃತ್ತಿ ಮಾಡಿಕೊಂಡರು. ಅಂಥವರು ಇದ್ದಾರೆ, ಆದರೆ ಸಾಲುಸಾಲಾಗಿ ಇಲ್ಲ.

ಇನ್ನು ನಮ್ಮ ಜನರ ನಡುವೆಯೇ ಕೆಲಸ ಮಾಡುವುದು ಸುಲಭ ಎಂಬ ನಂಬಿಕೆ. ಇದನ್ನು ಅಲ್ಲಾಡಿಸಲು ಒಂದು ಹಾಳೆ ಸಾಕು, ಸಮ್ಮತಿ ಪತ್ರ. ಟಸ್ಕೀಗಿ ಸಿಫಿಲಿಸ್ ಪ್ರಯೋಗದಲ್ಲಿ ಬಡ ಕರಿಯರನ್ನು ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ವಂಚಿಸಿದ್ದು ಬಯಲಾದ ಮೇಲೆ ಅಮೆರಿಕ 1974ರಲ್ಲಿ ಕಾನೂನು ತಂದಿತು. ಅಂದಿನಿಂದ ಮನುಷ್ಯರ ಮೇಲಿನ ಸಂಶೋಧನೆಗೆ ವಿಶ್ವವಿದ್ಯಾಲಯದ ನೀತಿ ಮಂಡಳಿಯ ಒಪ್ಪಿಗೆ ಬೇಕು, ಮಾತಾಡಿಸುವವರಿಂದ ಸಮ್ಮತಿಯೂ ಬೇಕು. ಉದ್ದೇಶ ಒಳ್ಳೆಯದೇ. ಆದರೆ ಪಾವಗಡದ ಕಡೆಯ ಒಂದು ಹಳ್ಳಿಗೆ ಹೋಗಿ, ‘ಅಜ್ಜಿ, ಇಲ್ಲೊಂದು ಸಹಿ ಹಾಕಿ’ ಎಂದು ಮುದ್ರಿತ ಕಾಗದ ಚಾಚಿ ನೋಡಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಅಜ್ಜಿಯ ಅನುಭವದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ಒಂದೋ ಸಾಲದವರು, ಇಲ್ಲವೇ ಪಹಣಿ ಬದಲಿಸಿದವರು. ಮಗ ಸಂಜೆ ಬರಲಿ ಎನ್ನುತ್ತಾಳೆ. ಮಗ ಬಂದು, ಯಾವ ಪಾರ್ಟಿಯವರು ನೀವು ಎಂದು ಕೇಳುತ್ತಾನೆ. ಬಿಳಿಯ ಸಂಶೋಧಕ ಅದೇ ಕಾಗದ ತಂದರೆ ಅದೊಂದು ಪರದೇಶದ ವಿಚಿತ್ರ. ನಮ್ಮವರು ತಂದರೆ ಅದು ಸರ್ಕಾರದ ವಾಸನೆ ಹೊಡೆಯುತ್ತದೆ. 2019ರಲ್ಲಿ ಜಾರಿಗೆ ಬಂದ ಅಮೆರಿಕದ ಪರಿಷ್ಕೃತ ನಿಯಮ, ಸಹಿ ಹಾಕುವ ರೂಢಿಯಿಲ್ಲದ ಸಮುದಾಯಗಳಲ್ಲಿ ಅಪಾಯ ತೀರ ಕಡಿಮೆಯಿದ್ದರೆ ಸಹಿ ಕೈಬಿಡಲು ಅವಕಾಶ ಕೊಟ್ಟಿದೆ. ಬಾಯಿಮಾತಿನ ಸಮ್ಮತಿಗೆ ಅರ್ಜಿ ಹಾಕಬಹುದೆಂದು ಹೊಸ ವಿದ್ಯಾರ್ಥಿಗೆ ಯಾರಾದರೂ ಮೊದಲೇ ಹೇಳಿದರೆ ಆರು ತಿಂಗಳ ಪರದಾಟ ತಪ್ಪುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಜಾತಿ. ‘ನೀವು ಯಾವ ಪೈಕಿ?’ ಎಂಬ ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವೇ ಯಾವ ಮನೆಯ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ನಿರ್ಧರಿಸುತ್ತದೆ. ಹೊರಗಿನವರು ದಡ್ಡ ಪ್ರಶ್ನೆ ಕೇಳಬಹುದು, ಅದೇ ಅವರ ಬಂಡವಾಳ. ಮಂಗಳವಾರ ಹೆಣ್ಣುಮಗಳನ್ನು ಗಂಡನ ಮನೆಗೆ ಯಾಕೆ ಕಳಿಸುವುದಿಲ್ಲ ಎಂದು ಅವರು ಕೇಳಿದರೆ ಉತ್ತರ ಸಿಗುತ್ತದೆ. ನಮ್ಮ ಹುಡುಗಿ ಕೇಳಿದರೆ, ನಿಮ್ಮ ಮನೆಯಲ್ಲಿ ಹೇಳಿಕೊಟ್ಟಿಲ್ಲವೇ ಎಂಬ ಮರುಪ್ರಶ್ನೆ. ಹಾಗೆ ನೋಡಿದರೆ ಅವಳು ಪೂರ್ತಿ ಒಳಗಿನವಳೂ ಅಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳಿಗೆ ಸುರಪುರದ ಕನ್ನಡ ಅರ್ಧ ಪರಭಾಷೆ. 1993ರಲ್ಲಿ ಕಿರಿನ್ ನಾರಾಯಣ್ ತಮ್ಮ ಪ್ರಸಿದ್ಧ ಲೇಖನದಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಸ್ಥಳೀಯ ಮಾನವಶಾಸ್ತ್ರಜ್ಞ ಎನ್ನುವವರು ಎಷ್ಟರಮಟ್ಟಿಗೆ ಸ್ಥಳೀಯರು? ವಿಭಾಗದ ಸೆಮಿನಾರ್ ಕೋಣೆಯಲ್ಲಿ ಮಾತ್ರ ಆ ಹುಡುಗಿ ಇಡೀ ಭಾರತದ ವಕ್ತಾರೆ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಏನು ಸಂದೇಹ ಬಂದರೂ ಎಲ್ಲರೂ ಅವಳ ಕಡೆ ತಿರುಗುತ್ತಾರೆ.

ಹಾಗಾದರೆ ಆತಿಥೇಯರನ್ನೇ ಓದಿದರೆ? ಓದಿದವರಿದ್ದಾರೆ. ಮಾಲಿನೋವ್‌ಸ್ಕಿಯ ಇನ್ನೊಬ್ಬ ಚೀನೀ ಶಿಷ್ಯ ಫ್ರಾನ್ಸಿಸ್ ಶೂ 1953ರಲ್ಲಿ ಅಮೆರಿಕದವರನ್ನೂ ಚೀನೀಯರನ್ನೂ ಎದುರುಬದುರು ಕೂರಿಸಿ ಪುಸ್ತಕ ಬರೆದರು. ಲಾಹೋರಿನಲ್ಲಿ ಹುಟ್ಟಿದ ಜೆ.ಪಿ.ಎಸ್. ಉಬೆರಾಯ್ ಲಂಡನ್ನಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಮ್ಯಾಂಚೆಸ್ಟರಿನಲ್ಲಿ ಮಾನವಶಾಸ್ತ್ರ ಹಿಡಿದವರು. ನಮ್ಮ ಕೋಚಿಂಗ್ ಸೆಂಟರಿನ ಎಂಜಿನಿಯರುಗಳು ಗಮನಿಸಬೇಕಾದ ಹೆಸರು. 1962ರ ಮೊದಲ ಪುಸ್ತಕದಲ್ಲಿ ಅವರು ಮಾಲಿನೋವ್‌ಸ್ಕಿಯ ಟ್ರೋಬ್ರಿಯಾಂಡ್ ಮಾಹಿತಿಯನ್ನೇ ತೆಗೆದುಕೊಂಡು ಬೇರೆ ಅರ್ಥ ಹೇಳಿದರು. ಮುಂದೆ ದೆಹಲಿಯಲ್ಲಿ ಕೂತು ಯುರೋಪಿನ ವಿಜ್ಞಾನ ಮತ್ತು ಜರ್ಮನ್ ಕವಿ ಗಯಟೆಯ ಬಗ್ಗೆ ಬರೆದರು. ಯುರೋಪು ನಮ್ಮನ್ನು ಅಧ್ಯಯನ ಮಾಡಬಹುದಾದರೆ ಯುರೋಪನ್ನು ನಾವೂ ಮಾಡಬಹುದು ಎಂಬುದು ಅವರಿಗೆ ಬರೀ ಘೋಷಣೆಯಾಗಿರಲಿಲ್ಲ, ಅವರ ಇಡೀ ಕೆಲಸವೇ ಅದಾಗಿತ್ತು.

ತಿರುಪತಿಯ ಜಿ. ಪ್ರಕಾಶ್ ರೆಡ್ಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡೆನ್ಮಾರ್ಕಿನ ವಿಲ್ಸೇಯರ್ ಎಂಬ ಪುಟ್ಟ ಹಳ್ಳಿಯಲ್ಲಿ ಬಿಡಾರ ಹೂಡಿದರು. ನಮ್ಮ ಹಳ್ಳಿಗಳಿಗೆ ಬಂದವರು ಏನು ಕೇಳುತ್ತಿದ್ದರೋ ಅದನ್ನೇ ಅಲ್ಲಿ ಕೇಳಿದರು. ನೆಂಟಸ್ತನ ಹೇಗೆ, ಅಕ್ಕಪಕ್ಕದವರ ಒಡನಾಟ ಎಷ್ಟು, ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ. ಡೇನರು ಒಬ್ಬರಿಂದೊಬ್ಬರು ದೂರ ಸರಿದು ಬದುಕುವ ಜನ ಎಂದು ಅವರಿಗೆ ಕಂಡಿತು. 1993ರಲ್ಲಿ ‘ಡೇನ್ಸ್ ಆರ್ ಲೈಕ್ ದ್ಯಾಟ್!’ ಹೊರಬಂದಾಗ ಆ ದೇಶದಲ್ಲಿ ಚರ್ಚೆಯೆದ್ದಿತು. ಒಂದು ಹಳ್ಳಿ ನೋಡಿ ಇಡೀ ದೇಶಕ್ಕೆ ಹಣೆಪಟ್ಟಿ ಹಚ್ಚಬಹುದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಿಗೆ ಆ ಪ್ರಶ್ನೆ ಹಾಕುವ ಅವಕಾಶ ಒಂದೂವರೆ ಶತಮಾನ ನಮಗೆ ಸಿಕ್ಕಿರಲಿಲ್ಲ, ಅಷ್ಟೇ.

ಆದ್ದರಿಂದ ಅರ್ಜಿ ಬರೆಯುವಾಗಲೇ ಇದನ್ನು ಯೋಚಿಸಿ ಎನ್ನುತ್ತೇನೆ. ಭಾರತವನ್ನೇ ಓದುವುದಾದರೆ ಸಂತೋಷ, ಆದರೆ ಅದು ನಿಮ್ಮ ಆಯ್ಕೆಯಾಗಿರಲಿ. ಲಂಡನ್ನಿನ ವೃದ್ಧಾಶ್ರಮಗಳಲ್ಲಿ ದುಡಿಯುವ ಕೇರಳದ ನರ್ಸುಗಳು, ಟೆಕ್ಸಸ್‌ನ ದೇವಸ್ಥಾನದ ಕಮಿಟಿ, ನಿಮ್ಮ ಕಾಗದ ಪರಿಶೀಲಿಸುವ ವೀಸಾ ಕಚೇರಿ, ನಿಮಗೆ ಬಾಡಿಗೆಗೆ ಕೋಣೆ ಕೊಡಲು ಹಿಂದೆಮುಂದೆ ನೋಡುವ ಮನೆಮಾಲೀಕರು, ಇವೆಲ್ಲವೂ ಕ್ಷೇತ್ರಗಳೇ. ಮಾರ್ಗದರ್ಶಕರಾಗಬಹುದಾದವರಿಗೆ ಮೊದಲೇ ಒಂದು ಪುಟದ ಇಮೇಲ್ ಬರೆದು ಕೇಳಿ. ಭಾರತದ ವಿದ್ಯಾರ್ಥಿ ಭಾರತದ ಹೊರಗೆ ಕ್ಷೇತ್ರಕಾರ್ಯ ಮಾಡಿದ ಉದಾಹರಣೆ ನಿಮ್ಮ ವಿಭಾಗದಲ್ಲಿ ಇದೆಯೇ ಎಂದು. ಉತ್ತರದ ಧಾಟಿಯಿಂದಲೇ ಬಹಳಷ್ಟು ಗೊತ್ತಾಗುತ್ತದೆ.

ಕೊನೆಗೆ ಸರ್ಕಾರದ ದುಡ್ಡಿನ ವಿಷಯ. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್ ಅವರು 1916ರ ಮೇ 9ರಂದು, ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ತಂತಮ್ಮ ಗುಂಪಿನೊಳಗೇ ನಡೆಯುವ ಮದುವೆಯೇ ಜಾತಿಯ ಬೆನ್ನೆಲುಬು ಎಂದು ಅಲ್ಲಿ ಅವರು ಮಂಡಿಸಿದ ವಾದವನ್ನು ಇಂದಿಗೂ ಯಾರೂ ದಾಟಿ ಹೋಗಲಾರರು. 1954-55ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳನ್ನು ಅದೇ ದಾರಿಯಲ್ಲಿ ಕಳಿಸುವ ಯೋಜನೆ. ವರ್ಷಕ್ಕೆ 125 ಮಂದಿಗೆ ಅವಕಾಶ. 2022-23ರ ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನಕ್ಕೆ ಈ ಹಣ ಇಲ್ಲ. ಅದನ್ನು ಇಲ್ಲೇ ಓದಬಹುದಲ್ಲ ಎಂಬುದು ಅಧಿಕಾರಿಗಳ ಸಮಜಾಯಿಷಿ. ಆ ನಿಯಮ ಅಂದು ಇದ್ದಿದ್ದರೆ ಅಂಬೇಡ್ಕರ್ ಅವರ ವಿಷಯವೇ ಅನರ್ಹ. ಅರ್ಜಿ ಹಾಕುವವರು ಆಯಾ ವರ್ಷದ ಮಾರ್ಗಸೂಚಿಯನ್ನು ತಪ್ಪದೆ ಓದಿಕೊಳ್ಳಬೇಕು. ದಲಿತ ವಿದ್ಯಾರ್ಥಿ ಜಾತಿಯ ಬಗ್ಗೆ ಓದಲು ಈ ಹಣ ಕೊಡುವುದಿಲ್ಲ ಎನ್ನುವುದು ಸಣ್ಣತನ, ಅದು ಹೋಗಬೇಕು. ಹೋಗುವವರೆಗೂ, ಆ ಸಾಲಿನಲ್ಲಿ ಡೆನ್ಮಾರ್ಕಿನ ಹಳ್ಳಿಗೆ ಅಡ್ಡಿಯಿಲ್ಲ.